ಎಡಗಾಲಿಗೆ ಕೆಲಸ

ಊರಿನವರು ಅವಳನ್ನು ವ್ಯಾನಮ್ಮ ಎಂದೇ ಕರೆಯುತ್ತಿದ್ದರು. ಹಾಲಿನ ವ್ಯಾನು ಮಾರಿ ಎಷ್ಟೋ ವರ್ಷವಾಗಿತ್ತು, ಹೆಸರು ಮಾತ್ರ ಉಳಿದುಕೊಂಡಿತ್ತು. ಗಂಡನ ಕಣ್ಣು ಮಂಜಾಗಿ, ಲೈಸೆನ್ಸ್ ಕಚೇರಿಯವರು ಇನ್ನು ಆಗೋದಿಲ್ಲ ಎಂದು ಅವನ ಅರ್ಜಿ ವಾಪಸು ಕೊಟ್ಟ ವಾರವೇ ಅವಳು ವ್ಯಾನಿನ ಸ್ಟಿಯರಿಂಗ್ ಹಿಡಿದಿದ್ದಳು. ಆಗ ಅವಳಿಗೆ ಮೂವತ್ತೊಂದು. ಗಂಡ ಪಕ್ಕದಲ್ಲಿ ಕೂತು ಕ್ಯಾನುಗಳನ್ನು ಇಳಿಸಿ ಹತ್ತಿಸುತ್ತಿದ್ದ. ದಾರಿ ಸರಿಯಾಗಿ ಕಾಣದಿದ್ದರೂ "ಮುಂದೆ ತಿರುವು ಬಂತು, ಮೂರನೇ ಗೇರಿಗೆ ಬಾ" ಎಂದು ಅಂದಾಜಿನ ಮೇಲೆ ಹೇಳುತ್ತಿದ್ದ. ಹೆಚ್ಚಿನ ಸಲ ಅದು ಸರಿಯಾಗಿಯೇ ಇರುತ್ತಿತ್ತು. ಹೀಗೆ ಇಪ್ಪತ್ತೆರಡು ವರ್ಷ ನಡೆಯಿತು. ಗಂಡ ತೀರಿಕೊಂಡ ಮೇಲೂ ಎರಡು ವರ್ಷ ಒಬ್ಬಳೇ ಓಡಿಸಿದಳು. ಆಮೇಲೆ ಡೇರಿಯವರು ಟ್ಯಾಂಕರ್ ತಂದರು, ವ್ಯಾನಿಗೆ ಕೆಲಸವಿಲ್ಲದಂತಾಯಿತು.

ಮಗ ಶಾಲೆಯಲ್ಲಿ ಗಣಿತದ ಮೇಷ್ಟ್ರು. ಸೈಕಲ್ ಬಿಟ್ಟರೆ ಬೇರೆ ಯಾವುದನ್ನೂ ಓಡಿಸುವ ಗೋಜಿಗೆ ಹೋಗದವನು. ಸೊಸೆ ದನದ ಡಾಕ್ಟರು. ಸುತ್ತಲಿನ ಗುಡ್ಡದ ಮೇಲಿನ ಕೊಟ್ಟಿಗೆಗಳೆಲ್ಲ ಅವಳ ಪಾಲಿಗೆ ಬಂದಿದ್ದರಿಂದ ಮನೆಯಲ್ಲಿದ್ದ ಚಿಕ್ಕ ಕಾರನ್ನು ಕೊಟ್ಟು ಒಂದು ಹಳೆಯ ದೊಡ್ಡ ಜೀಪು ತಂದರು. ನಾಲ್ಕು ಚಕ್ರಕ್ಕೂ ಎಳೆತವಿರುವ ಗಾಡಿ, ಆಟೋಮ್ಯಾಟಿಕ್ಕು. ಸೊಸೆ ಡ್ರೈವಿಂಗ್ ಕಲಿತದ್ದೇ ಆಟೋಮ್ಯಾಟಿಕ್ಕಿನಲ್ಲಿ, ಆದ್ದರಿಂದ ಎಲ್ಲರಿಗೂ ಅದೇ ಸರಿ ಅನ್ನಿಸಿತು.

ಜೀಪು ಬಂದ ಎರಡನೇ ದಿನ ವ್ಯಾನಮ್ಮ ಅದನ್ನು ಪೇಟೆಗೆ ಒಯ್ದಳು. ಇದರಲ್ಲಿ ಕ್ಲಚ್ ಇಲ್ಲ, ಗೇರು ತಾನೇ ಬದಲಾಗುತ್ತದೆ, ಎಡಗಾಲನ್ನು ಮಡಚಿಟ್ಟುಕೊಂಡರೆ ಸಾಕು ಎಂದು ಸೊಸೆ ಹೇಳಿಕೊಟ್ಟಿದ್ದಳು. ಅದು ತಲೆಗೆ ಹೋಗಿತ್ತು, ಕಾಲಿಗೆ ಹೋಗಿರಲಿಲ್ಲ. ನಾಲ್ಕು ರಸ್ತೆ ಸೇರುವಲ್ಲಿ ನಿಧಾನ ಮಾಡಬೇಕಾದಾಗ ಎಡಗಾಲು ತನ್ನಷ್ಟಕ್ಕೆ ಎದ್ದು, ಕ್ಲಚ್ ಎಂದುಕೊಂಡು, ಎರಡು ಅಂಗೈ ಅಗಲದ ಬ್ರೇಕ್ ಪೆಡಲನ್ನು ನೆಲಕ್ಕೆ ಒತ್ತಿಬಿಟ್ಟಿತು. ಜೀಪು ಗೋಡೆಗೆ ಬಡಿದಂತೆ ನಿಂತಿತು. ಹಿಂದೆ ಬರುತ್ತಿದ್ದ ಬೇಕರಿಯವನ ಸ್ಕೂಟರು ಬಂದು ಬಂಪರಿಗೆ ಗುದ್ದಿತು. ಅವನಿಗೆ ಏನೂ ಆಗಲಿಲ್ಲ, ಆದರೆ ಎರಡು ಟ್ರೇ ಬ್ರೆಡ್ಡು ರಸ್ತೆಯ ತುಂಬ ಹರಡಿತು. ಇಪ್ಪತ್ತನಾಲ್ಕು ವರ್ಷ ಒಂದು ಗೀರು ಬೀಳದಂತೆ ಓಡಿಸಿದ್ದ ಹೆಂಗಸು ನಡುರಸ್ತೆಯಲ್ಲಿ ಬಗ್ಗಿ ಬ್ರೆಡ್ಡು ಆರಿಸುವುದನ್ನು ಅಂಗಡಿಯವರೆಲ್ಲ ಹೊರಗೆ ಬಂದು ನೋಡಿದರು.

ಮನೆಗೆ ಬಂದು ಕೀಲಿಯನ್ನು ಬಾಗಿಲ ಪಕ್ಕದ ಮೊಳೆಗೆ ಸಿಕ್ಕಿಸಿದಳು. ಮರುದಿನ ತೆಗೆದುಕೊಳ್ಳಲಿಲ್ಲ. ಅದರ ಮರುದಿನವೂ ಇಲ್ಲ. ಓಡಿಸಬೇಡಿ ಎಂದು ಯಾರೂ ಹೇಳಲಿಲ್ಲ, ಓಡಿಸಿ ಎಂದೂ ಹೇಳಲಿಲ್ಲ. ಒಂಬತ್ತು ವರ್ಷ ಹಾಗೇ ಉರುಳಿತು. ಲೈಸೆನ್ಸಿನ ಅವಧಿ ಮುಗಿದಾಗ ಮಾತ್ರ ಮನೆಯಲ್ಲಿ ಯಾರಿಗೂ ಹೇಳದೆ ಬಸ್ಸಿನಲ್ಲಿ ಹೋಗಿ, ಕಣ್ಣು ತೋರಿಸಿ, ಹೊಸದು ಮಾಡಿಸಿಕೊಂಡು ಬಂದಿದ್ದಳು.

ಜೀಪು ಕೈಕೊಟ್ಟದ್ದು ಕಲ್ಲುಕ್ವಾರಿಯ ಏರಿನಲ್ಲಿ. ಸೊಸೆ ಕರು ಹಾಕಲಾರದೆ ಒದ್ದಾಡುತ್ತಿದ್ದ ಹಸುವೊಂದನ್ನು ನೋಡಲು ಹೊರಟಿದ್ದಳು. ಅರ್ಧ ಏರಿನಲ್ಲಿ ಇಂಜಿನ್ನು ಗಂಟಲು ಹರಿಯುವಂತೆ ಕೂಗತೊಡಗಿತು, ಚಕ್ರ ಮಾತ್ರ ಅಲ್ಲಾಡಲಿಲ್ಲ. ಕೆಳಗಿನಿಂದ ಸುಟ್ಟ ಎಣ್ಣೆಯ ವಾಸನೆ. ಚಕ್ರಕ್ಕೆ ಕಲ್ಲು ಕೊಟ್ಟು, ಚೀಲ ಹೆಗಲಿಗೇರಿಸಿ, ಉಳಿದ ಎರಡು ಮೈಲಿ ನಡೆದುಕೊಂಡು ಹೋದಳು. ಹಸು ಉಳಿಯಿತು, ಕರು ಉಳಿಯಲಿಲ್ಲ.

ದೊಡ್ಡ ವರ್ಕ್‌ಶಾಪಿನವರು ಗೇರ್‌ಬಾಕ್ಸ್ ಬಿಚ್ಚಿ ನೋಡಿ ಕೈಚೆಲ್ಲಿದರು. ಒಳಗಿನ ಪ್ಲೇಟುಗಳೆಲ್ಲ ಇದ್ದಿಲಾಗಿದ್ದವು. ಆ ಮಾದರಿಯ ಆಟೋಮ್ಯಾಟಿಕ್ ಬಾಕ್ಸನ್ನು ತಯಾರಿಸುವುದೇ ನಿಂತುಹೋಗಿತ್ತು.

"ತೂಕಕ್ಕೆ ಹಾಕಿಬಿಡೋಣ," ಎಂದ ಮಗ.

"ಇಂಜಿನ್ ಕಲ್ಲಿನ ಹಾಗಿದೆ," ಎಂದಳು ವ್ಯಾನಮ್ಮ. "ಹೊಟ್ಟೆ ಕೆಟ್ಟಿದೆ ಅಂತ ಮನುಷ್ಯನ್ನ ಎಸೀತಾರಾ? ಮೇಸ್ತ್ರಿಗೆ ಒಂದು ಮಾತು ಕೇಳೋಣ."

ಗೇರ್‌ಬಾಕ್ಸ್ ಮೇಸ್ತ್ರಿ ಅವಳ ಹಾಲಿನ ವ್ಯಾನನ್ನು ಆರು ಸಲ ಬಿಚ್ಚಿ ಜೋಡಿಸಿದವನು. ಈಗ ಅವನಿಗೂ ಅರವತ್ತು ದಾಟಿತ್ತು. ಅವನ ಶೆಡ್ಡು ರೈಲು ಹಳಿಯ ಪಕ್ಕದಲ್ಲಿತ್ತು. ತಗಡಿನ ಮಾಡು, ಎಣ್ಣೆ ಕುಡಿದು ಕಪ್ಪಾದ ನೆಲ, ತೊಲೆಗೆ ನೇತುಬಿದ್ದ ಚೈನು. ಅವನು ಜೀಪಿನ ಅಡಿಗೆ ತೂರಿ, ಕಾಲು ಗಂಟೆ ಬಿಟ್ಟು ಹೊರಗೆ ಬಂದು, ಕೈ ಒರೆಸಿಕೊಳ್ಳುತ್ತ ಹೇಳಿದ:

"ಅಕ್ಕಾ, ಇದೇ ಗಾಡಿ ಮ್ಯಾನುಯಲ್ ಗೇರಲ್ಲೂ ಬರ್ತಿತ್ತು. ಪಲ್ಟಿ ಹೊಡೆದಿರೋದು ಒಂದು ಗುಜರಿಯಲ್ಲಿ ಬಿದ್ದಿದೆ. ತಲೆ ಅಪ್ಪಚ್ಚಿ, ಹೊಟ್ಟೆ ಸರಿಯಾಗಿದೆ. ಅದರ ಬಾಕ್ಸು, ಪೆಡಲ್ಲು, ಶಾಫ್ಟು ಎಲ್ಲ ತಂದು ಇದಕ್ಕೆ ಹಾಕಿದ್ರೆ ಆಯ್ತು."

ಮಗ ಕಣ್ಣು ಕಣ್ಣು ಬಿಟ್ಟ. "ಆಟೋಮ್ಯಾಟಿಕ್ ತೆಗೆದು ಮ್ಯಾನುಯಲ್ಲಾ? ಲೋಕ ಎಲ್ಲ ಉಲ್ಟಾ ಹೋಗ್ತಿದೆಯಲ್ಲ ಮೇಸ್ತ್ರಿ?"

"ಲೋಕ ಹೋಗ್ಲಿ ಬಿಡಿ ಸಾರ್. ನಿಮ್ಮ ಮನೆಯವರು ಕ್ವಾರಿ ಏರು ಹತ್ತಬೇಕೋ ಬೇಡವೋ?"

ಸೊಸೆ ಬ್ಯಾಗಿನಿಂದ ಲೈಸೆನ್ಸ್ ತೆಗೆದು ತೋರಿಸಿದಳು. ಆಟೋಮ್ಯಾಟಿಕ್ ವಾಹನಕ್ಕೆ ಮಾತ್ರ ಎಂದು ಅದರ ಮೇಲೆ ಅಚ್ಚಾಗಿತ್ತು. "ನಾನು ಹೊಸದಾಗಿ ಕಲಿತು, ಟೆಸ್ಟ್ ಕೊಟ್ಟು ಪಾಸಾಗ್ಬೇಕು. ಅಲ್ಲೀವರೆಗೆ ಯಾರು ಓಡಿಸ್ತಾರೆ?"

ವ್ಯಾನಮ್ಮ ಸೆರಗಿನಲ್ಲಿ ಕಟ್ಟಿಕೊಂಡಿದ್ದ ಪುಟ್ಟ ಪರ್ಸು ಬಿಚ್ಚಿ ತನ್ನ ಲೈಸೆನ್ಸನ್ನು ಬಾನೆಟ್ಟಿನ ಮೇಲಿಟ್ಟಳು. ಮಗ ಅದನ್ನು ಎತ್ತಿಕೊಂಡು ತಾರೀಖು ಓದಿದ, ಮತ್ತೊಮ್ಮೆ ಓದಿದ. "ಅಮ್ಮಾ, ಇದು ಇನ್ನೂ ನಡೀತಿದೆ!"

"ನಡೀದೆ ಏನು? ನಾನೇನು ಸತ್ತಿದ್ದೀನಾ?"

ಕೆಲಸಕ್ಕೆ ಮೂರು ವಾರ ಹಿಡಿಯಿತು. ಅಷ್ಟು ದಿನ ಸೊಸೆ ಡೇರಿಯವರ ಗಾಡಿಯಲ್ಲಿ ಓಡಾಡಿದಳು. ವ್ಯಾನಮ್ಮ ದಿನಾ ತಿಂಡಿ ಮುಗಿಸಿ ಶೆಡ್ಡಿಗೆ ಹೋಗಿ, ಯಾವುದೋ ಬಸ್ಸಿನಿಂದ ಕಿತ್ತಿಟ್ಟ ಸೀಟಿನ ಮೇಲೆ ಕೂರುತ್ತಿದ್ದಳು. ಮೇಸ್ತ್ರಿಯ ಜೊತೆಗಿದ್ದವನು ಅವನ ಭಾವಮೈದ, ವೈರಿಂಗ್ ಕೆಲಸದವನು. ಯಾವುದೋ ಮದುವೆಯಲ್ಲಿ ಆದ ಮಾತಿಗೆ ಇಬ್ಬರೂ ನಾಲ್ಕು ವರ್ಷದಿಂದ ನೇರವಾಗಿ ಮಾತಾಡುತ್ತಿರಲಿಲ್ಲ. ಒಂದೇ ಶೆಡ್ಡಿನಲ್ಲಿ ಕೆಲಸ ಮಾತ್ರ ಮಾಡುತ್ತಿದ್ದರು. "ಆ ಬಲ್ಬು ಇತ್ತ ಹಿಡೀಬೇಕಂತೆ" ಎಂದು ಮೇಸ್ತ್ರಿ ಗೋಡೆಗೆ ಹೇಳಿದರೆ ಭಾವಮೈದ ಬಲ್ಬು ಹಿಡಿಯುತ್ತಿದ್ದ. ವ್ಯಾನಮ್ಮ ಬಂದ ಮೇಲೆ ಇಬ್ಬರ ಮಾತೂ ಅವಳ ಮೂಲಕ ಹೋಗತೊಡಗಿತು, ಗೋಡೆಗೆ ಬಿಡುವು ಸಿಕ್ಕಿತು.

ಮೊದಲು ಹಳೆಯ ಬಾಕ್ಸನ್ನು ಚೈನಿಗೆ ಕಟ್ಟಿ ಇಳಿಸಿದರು. ಅದು ಆಡಿನ ಮರಿಯಷ್ಟಿರಬಹುದು ಎಂದುಕೊಂಡಿದ್ದ ವ್ಯಾನಮ್ಮನಿಗೆ ಹೋರಿಯ ಗಾತ್ರ ಕಂಡಿತು. ಇಂಜಿನ್ನಿನ ಹಿಂದಿದ್ದ ತೆಳು ತಗಡಿನ ಚಕ್ರ ಬಿಚ್ಚಿ, ಅದರ ಜಾಗಕ್ಕೆ ಗುಜರಿ ಗಾಡಿಯ ಭಾರದ ಫ್ಲೈವೀಲ್ ಕೂರಿಸಿದರು. ಅದರ ಮೇಲೆ ಹೊಸ ಕ್ಲಚ್ ಪ್ಲೇಟು ಬರಬೇಕು. ಅಲ್ಲಿ ಮೇಸ್ತ್ರಿ ಕೆಲಸ ನಿಲ್ಲಿಸಿದ. ಇಂಜಿನ್ ತಿರುಗಿಸುವ ಕ್ರ್ಯಾಂಕ್ ದಂಡದ ತುದಿಯ ಕುಳಿಗೆ ಬೆರಳು ಹಾಕಿ ತಿರುಗಿಸಿ ನೋಡಿದ.

"ಏನಾಯ್ತು?" ಎಂದಳು ವ್ಯಾನಮ್ಮ.

"ಇಲ್ಲೊಂದು ಚಿಕ್ಕ ಬೇರಿಂಗ್ ಇರ್ಬೇಕು ಅಕ್ಕ. ಗೇರ್‌ಬಾಕ್ಸಿನ ಶಾಫ್ಟಿನ ಮೂತಿ ಅದರೊಳಗೆ ಕೂರೋದು. ಆಟೋಮ್ಯಾಟಿಕ್ಕಿಗೆ ಅದು ಬೇಡ, ಹಾಗಾಗಿ ಕಂಪನಿಯವನು ಹಾಕಿಲ್ಲ. ಇದನ್ನ ಮರೆತು ಜೋಡಿಸಿದ್ರೆ ಎರಡು ತಿಂಗಳು ಚೆನ್ನಾಗಿ ಓಡುತ್ತೆ, ಆಮೇಲೆ ಶಾಫ್ಟು ಕುಡುಕನ ಥರ ತೂರಾಡೋಕೆ ಶುರು."

ಉಂಗುರದಷ್ಟು ಸಣ್ಣ ಆ ವಸ್ತುವಿಗಾಗಿ ಎರಡು ದಿನ ಅಂಗಡಿ ಅಂಗಡಿ ಅಲೆದರು. ಮೂರನೇ ದಿನ ಮೇಸ್ತ್ರಿ ಅದನ್ನು ಕಾಗದದಲ್ಲಿ ಸುತ್ತಿ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡು ಬಂದ.

ಪೆಡಲಿನ ಕೆಲಸ ಅಂದುಕೊಂಡದ್ದಕ್ಕಿಂತ ಸುಲಭವಾಯಿತು. ಕಾರ್ಖಾನೆಯವರು ಎರಡೂ ಬಗೆಯ ಗಾಡಿಗೆ ಪೆಡಲಿನ ಹಿಂದೆ ಒಂದೇ ತಗಡು ಬಳಸಿದ್ದರು, ಕ್ಲಚ್ ಬರುವ ಕಡೆ ತೂತು ಕೊರೆಯುವ ಗುರುತು ಮೊದಲೇ ಇತ್ತು. ಅಗಲದ ಬ್ರೇಕ್ ಪೆಡಲನ್ನು ಬಿಚ್ಚಿ ಮೇಸ್ತ್ರಿ ವ್ಯಾನಮ್ಮನ ಕೈಗೆ ಕೊಟ್ಟ.

"ಇದೇನಾ ಅಕ್ಕ ನಿಮಗೆ ಬ್ರೆಡ್ಡು ಆರಿಸೋ ಹಾಗೆ ಮಾಡಿದ್ದು?"

ಅವನಿಗೂ ಗೊತ್ತಿತ್ತು. ಪೇಟೆಗೆಲ್ಲ ಗೊತ್ತಿತ್ತು. ವ್ಯಾನಮ್ಮನಿಗೆ ಮೊದಲು ಮುಖ ಬಿಸಿಯಾಯಿತು, ಆಮೇಲೆ ನಗು ತಡೆಯಲಾಗಲಿಲ್ಲ. "ಇದನ್ನ ನೋಡು, ರೊಟ್ಟಿ ಮಣೆ ಥರ ಇದೆ. ಯಾರ ಕಾಲಾದ್ರೂ ಬೀಳ್ದೆ ಇರುತ್ತಾ?" ಎಂದು ಅದನ್ನು ಗುಜರಿ ರಾಶಿಗೆ ಎಸೆದಳು.

ಕ್ಲಚ್ಚಿನ ಎಣ್ಣೆಯ ಪೈಪಿನಲ್ಲಿ ಗಾಳಿ ಉಳಿದಿರುತ್ತದೆ, ಅದನ್ನು ಹೊರಗೆ ಹಾಕಬೇಕು. ಒಬ್ಬರು ಮೇಲೆ ಕೂತು ಪೆಡಲ್ ಒತ್ತಬೇಕು, ಇನ್ನೊಬ್ಬರು ಅಡಿಯಲ್ಲಿ ಮಲಗಿ ನಟ್ಟು ಸಡಿಲಿಸಬೇಕು. ಭಾವಮೈದ ಆ ದಿನ ರಜೆ. ಮೇಸ್ತ್ರಿ ವ್ಯಾನಮ್ಮನನ್ನು ನೋಡಿದ. ಅವಳು ಚಪ್ಪಲಿ ಕಳಚಿ ಹತ್ತಿ ಕೂತಳು.

"ಒತ್ತಿ... ಹಿಡ್ಕೊಳ್ಳಿ... ಹಾಂ, ಬಿಡಿ."

ಒತ್ತಿದಳು, ಹಿಡಿದಳು, ಬಿಟ್ಟಳು. ಮೊದಲು ಪೆಡಲು ಗಾಳಿಯನ್ನು ತುಳಿದಂತೆ ನೆಲಕ್ಕೆ ಹೋಗುತ್ತಿತ್ತು. ಇಪ್ಪತ್ತು ಸಲ ಆದ ಮೇಲೆ ಪಾದಕ್ಕೆ ಸ್ವಲ್ಪ ತಡೆ ಸಿಕ್ಕಿತು. ನಲವತ್ತು ಸಲ ಆಗುವಾಗ ತೊಡೆ ನಡುಗುತ್ತಿತ್ತು. ಅಡಿಯಿಂದ ಮೇಸ್ತ್ರಿ "ಸುಸ್ತಾಯ್ತಾ ಅಕ್ಕ?" ಎಂದು ಕೇಳಿದರೆ "ನಿನ್ನ ಕೆಲಸ ನೋಡು" ಎಂದಳು. ಕೊನೆಗೆ ಪೆಡಲು ಗಟ್ಟಿಯಾಗಿ ಎದ್ದು ನಿಂತಿತು. ಸಂಜೆ ಮನೆಯಲ್ಲಿ ಮೆಟ್ಟಿಲು ಹತ್ತುವಾಗ ಅವಳು ಕುಂಟುವುದನ್ನು ಕಂಡು ಸೊಸೆ ಏನಾಯಿತೆಂದು ಕೇಳಿದಳು. "ಏನಿಲ್ಲ," ಎಂದಳು ಅತ್ತೆ. ಅಷ್ಟು ಖುಷಿ ಕೊಟ್ಟ ನೋವು ಅವಳಿಗೆ ಹಿಂದೆ ಯಾವಾಗಲೂ ಬಂದಿರಲಿಲ್ಲ.

ಎಲ್ಲ ಜೋಡಿಸಿ ಕೀಲಿ ತಿರುಗಿಸಿದರೆ ಇಂಜಿನ್ನು ತುಟಿ ಪಿಟಕ್ಕೆನ್ನಲಿಲ್ಲ. ಆಟೋಮ್ಯಾಟಿಕ್ ಗಾಡಿ, ಗೇರಿನ ಹಿಡಿ ಪಾರ್ಕಿಂಗಿನಲ್ಲಿದೆ ಎಂಬ ಸುದ್ದಿ ಬಾರದೆ ಸ್ಟಾರ್ಟ್ ಆಗುವುದಿಲ್ಲ. ಆ ಹಿಡಿಯೇ ಈಗ ಇರಲಿಲ್ಲ. ಮೇಸ್ತ್ರಿ ತಲೆ ಕೆರೆದುಕೊಂಡ. "ವೈರಿನ ವಿಷಯ ಗೊತ್ತಿರೋರು ಇಲ್ಲಿ ಯಾರಾದ್ರೂ ಇದ್ದಾರಾ ಕೇಳಿ ಅಕ್ಕ," ಎಂದ.

"ಕ್ಲಚ್ ಪೆಡಲಿಗೆ ಒಂದು ಸ್ವಿಚ್ ಕಟ್ಟಿ, ಆ ಪಾರ್ಕಿಂಗ್ ವೈರು ಇದಕ್ಕೆ ಸೇರಿಸಿದ್ರೆ ಮುಗೀತು ಅಂತ ಹೇಳಿ ಅಕ್ಕ," ಎಂದ ಭಾವಮೈದ. "ಬೆಳಿಗ್ಗೆನೇ ಕೇಳಿದ್ರೆ ಬೆಳಿಗ್ಗೆನೇ ಹೇಳ್ತಿದ್ದೆ ಅಂತಾನೂ ಹೇಳಿ."

ವ್ಯಾನಮ್ಮನಿಗೆ ಸಾಕಾಗಿಹೋಯಿತು. "ಇಬ್ಬರಿಗೂ ಕಿವಿ ಇದೆ, ಬಾಯಿ ಇದೆ. ನಾನೇನು ಟೆಲಿಫೋನಾ?" ಎಂದು ಗದರಿದಳು. ಇಬ್ಬರೂ ಬೈಸಿಕೊಂಡ ಮಕ್ಕಳ ಹಾಗೆ ನಿಂತರು. ಆಮೇಲೆ ಮೇಸ್ತ್ರಿ ಗೋಡೆಯ ಕಡೆ ನೋಡದೆ, "ಸರಿ, ಕಟ್ಟು," ಎಂದ. ನಾಲ್ಕು ವರ್ಷದಲ್ಲಿ ಅದು ಮೊದಲ ಮಾತು. ಒಂದು ಗಂಟೆಯಲ್ಲಿ ಇಂಜಿನ್ನು ಗುಡುಗಿತು. ಎದುರಿನ ಫಲಕದಲ್ಲಿ ಹಳೆಯ ಗೇರಿನ ದೀಪವೊಂದು ಮಾತ್ರ ಮಿಣಮಿಣ ಎನ್ನುತ್ತಲೇ ಉಳಿಯಿತು.

ಮೊದಲ ಸುತ್ತು ಹೋಗುವಾಗ ಮೇಸ್ತ್ರಿ ಪಕ್ಕದ ಸೀಟಿನಲ್ಲಿ ಕೂತ. "ನೀವೇ ಓಡಿಸಿ. ನಾನು ಸದ್ದು ಕೇಳ್ಬೇಕು."

"ಒಂಬತ್ತು ವರ್ಷ ಆಯ್ತಪ್ಪ. ಎಲ್ಲಾದ್ರೂ ಗುದ್ದಿದ್ರೆ?"

"ಗುದ್ದಿದ್ರೆ ರಿಪೇರಿ ಮಾಡೋನು ಪಕ್ಕದಲ್ಲೇ ಇದ್ದಾನಲ್ಲ."

ಮೊದಲ ಸಲ ಇಂಜಿನ್ನು ಬಿಕ್ಕಿ ಆಫಾಯಿತು. ಎರಡನೆಯ ಸಲವೂ ಆಫಾಯಿತು. ಮೂರನೆಯ ಸಲ ಅವಳು ಕಣ್ಣನ್ನು ರಸ್ತೆಯ ಮೇಲಿಟ್ಟು, ಮನಸ್ಸನ್ನೆಲ್ಲ ಪಾದಕ್ಕೆ ಇಳಿಸಿ, ಕ್ಲಚ್ಚನ್ನು ಎಳೆ ಎಳೆಯಾಗಿ ಬಿಟ್ಟಳು. ಒಂದು ಜಾಗದಲ್ಲಿ ಗಾಡಿ ಕಚ್ಚಿಕೊಂಡಿತು, ಬಾನೆಟ್ಟು ಒಂದಿಷ್ಟು ಎದ್ದಿತು, ಚಕ್ರ ಉರುಳಿತು. ಹಳಿ ದಾಟುವಾಗ ಎರಡನೇ ಗೇರು, ಗೋದಾಮುಗಳ ಸಾಲಿನಲ್ಲಿ ಮೂರು. ಸೇತುವೆಯ ಮೇಲೆ ನಾಲ್ಕಕ್ಕೆ ಹಾಕಿದಾಗ ಅವಳ ಕೈ ಗೇರಿನ ಗುಂಡಿನ ಮೇಲೇ ಉಳಿಯಿತು, ತೆಗೆಯಬೇಕೆಂದು ಅನ್ನಿಸಲಿಲ್ಲ.

"ಕ್ಲಚ್ ಕಚ್ಚೋದು ಸ್ವಲ್ಪ ಮೇಲಾಯ್ತು ಮೇಸ್ತ್ರಿ. ಒಂದು ಬೆರಳು ಇಳಿಸು," ಎಂದಳು ವಾಪಸು ಬಂದು.

"ನನಗೂ ಹಾಗೇ ಅನ್ನಿಸ್ತು," ಎಂದ ಅವನು.

ಬದಲಾವಣೆಯಾದ ಗಾಡಿಯನ್ನು ಸಾರಿಗೆ ಕಚೇರಿಗೆ ತೋರಿಸಿ ನೋಂದಣಿ ಪುಸ್ತಕದಲ್ಲಿ ಬರೆಸಿದ ಮಾರನೆಯ ದಿನದಿಂದ ಅತ್ತೆ ಸೊಸೆಯ ಸವಾರಿ ಶುರುವಾಯಿತು. ಹನ್ನೊಂದು ವರ್ಷ ಒಂದೇ ಮನೆಯಲ್ಲಿದ್ದರೂ ಇಬ್ಬರ ನಡುವೆ ಜಗಳವಾಗಿರಲಿಲ್ಲ, ಅಷ್ಟೊಂದು ಮಾತೂ ಇರಲಿಲ್ಲ. ಊಟವಾಯಿತೇ, ಬಟ್ಟೆ ಒಣಗಿತೇ, ಅಷ್ಟೇ. ಈಗ ದಿನಕ್ಕೆ ನಾಲ್ಕೈದು ಗಂಟೆ ಪಕ್ಕಪಕ್ಕ ಕೂರಬೇಕಾಯಿತು. ಸೊಸೆ ಕೊಟ್ಟಿಗೆಯಲ್ಲಿ ಹೆಗಲವರೆಗೆ ಕೈ ಹಾಕಿ ಕರು ತಿರುಗಿಸುವುದನ್ನು ವ್ಯಾನಮ್ಮ ಬೇಲಿಯ ಮೇಲೆ ಕೂತು ಮೊದಲ ಸಲ ನೋಡಿದಳು. ಇವಳ ತೋಳುಗಳಲ್ಲಿ ಇಷ್ಟು ಬಲವಿದೆಯೆಂದು ಅವಳಿಗೆ ಗೊತ್ತಿರಲಿಲ್ಲ. ಒಂದು ದಿನ ಕ್ವಾರಿಯ ಅದೇ ಏರಿನಲ್ಲಿ ಎದುರಿಗೆ ಕಲ್ಲು ತುಂಬಿದ ಲಾರಿ ಬಂತು. ವ್ಯಾನಮ್ಮ ಅರ್ಧ ಫರ್ಲಾಂಗು ಹಿಂದಕ್ಕೇ ಇಳಿಸಿ, ದಾರಿ ಕೊಟ್ಟು, ಮತ್ತೆ ಒಂದನೇ ಗೇರಿನಲ್ಲಿ ಮೇಲೆ ಹತ್ತಿಸಿದಳು. ಸೊಸೆ ಅಷ್ಟು ಹೊತ್ತು ಜೀವ ಕೈಯಲ್ಲಿ ಹಿಡಿದು ಕೂತಿದ್ದವಳು, "ಅತ್ತೆ, ನೀವು ಇದನ್ನೆಲ್ಲ ಬಿಟ್ಟು ಮನೇಲಿ ಬೇಳೆ ಆರಿಸ್ತಾ ಕೂತಿದ್ರಾ?" ಎಂದಳು.

ದನದ ಸಂತೆಯ ಅಂಗಳ ಖಾಲಿಯಿರುವ ದಿನ ಪಾಠ. ಸೊಸೆಗೆ ಗಾಡಿಯ ಭಯವಿರಲಿಲ್ಲ, ಆದರೆ ಅವಳ ಎಡಗಾಲು ಸೋಮಾರಿಯಾಗಿತ್ತು. ಗಾಡಿ ಕಪ್ಪೆಯ ಹಾಗೆ ಕುಪ್ಪಳಿಸಿ ಕುಪ್ಪಳಿಸಿ ನಿಲ್ಲುತ್ತಿತ್ತು.

"ನಿಧಾನ ಬಿಡು ಅಂದೆ!"

"ನಿಧಾನನೇ ಬಿಟ್ಟೆ!"

"ಅದು ನಿಧಾನನಾ? ಬಿಸಿ ಪಾತ್ರೆ ಬಿಟ್ಟ ಹಾಗೆ ಬಿಟ್ಟೆ."

"ಹನ್ನೊಂದು ವರ್ಷ ಬಾಯಿ ಮುಚ್ಕೊಂಡಿದ್ದು ಇವತ್ತಿಗಾಗಿನಾ?"

"ಹೌದು ಅಂತ ಇಟ್ಕೋ."

ಸೊಸೆ ಇಳಿದು ಬಾಗಿಲು ಬಡಿದು, ದನ ಕಟ್ಟುವ ಗೂಟಗಳ ನಡುವೆ ಎರಡು ಸುತ್ತು ನಡೆದಳು. ವ್ಯಾನಮ್ಮ ಕರೆಯಲಿಲ್ಲ. ಸೊಸೆ ತಾನೇ ಬಂದು ಮುಖ ಊದಿಸಿಕೊಂಡು ಕೂತಳು. ಆಗ ವ್ಯಾನಮ್ಮ ಕೇಳಿದಳು: "ಕರು ಎಳೆಯುವಾಗ ನೀನು ಹೇಗೆ ಎಳೀತೀಯ? ಒಂದೇ ಸಮ ಎಳೀತೀಯಾ?"

"ಇಲ್ಲ. ಹಸು ತಿಣುಕಿದಾಗ ಎಳೀಬೇಕು, ಅದು ನಿಲ್ಲಿಸಿದಾಗ ನಾನೂ ನಿಲ್ಲಿಸ್ಬೇಕು."

"ಮತ್ತೆ? ಇಂಜಿನ್ ತಿಣುಕೋದು ಕೇಳಿಸ್ತಲ್ಲ, ಅಲ್ಲಿ ಕಾಲು ನಿಲ್ಲಿಸು. ಅದು ಉಸಿರು ತಗೊಂಡ ಮೇಲೆ ಉಳಿದದ್ದು ಬಿಡು."

ಸೊಸೆ ಅವಳ ಮುಖವನ್ನೊಮ್ಮೆ ನೋಡಿ, ಕೀಲಿ ತಿರುಗಿಸಿದಳು. ಗಾಡಿ ಎಣ್ಣೆ ಜಾರಿದಂತೆ ಮುಂದೆ ಹೋಯಿತು.

ಮೊದಲ ಟೆಸ್ಟಿನಲ್ಲಿ ಏರಿನ ಮೇಲೆ ಹಿಂದಕ್ಕೆ ಜಾರಿ ಫೇಲಾದಳು. ಪರೀಕ್ಷಕ ಏನೂ ಬೈಯಲಿಲ್ಲ, ಬರೆದುಕೊಂಡ, ಅಷ್ಟೇ. ಮೂರು ವಾರ ಬಿಟ್ಟು ಎರಡನೆಯ ಸಲ ಪಾಸಾದಳು. ಹೊಸ ಲೈಸೆನ್ಸ್ ಹಿಡಿದು ಗಂಡನಿಗೆ ತೋರಿಸಿದಾಗ ಅವನು, "ಸರಿ, ಇನ್ನು ಅಮ್ಮನಿಗೆ ಆರಾಮ," ಎಂದ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದ.

ಮರುದಿನ ಬೆಳಿಗ್ಗೆ ವ್ಯಾನಮ್ಮ ಅಡುಗೆಮನೆಯಲ್ಲೇ ಉಳಿದಳು. ಜೀಪು ಗೇಟು ದಾಟಿ, ಎರಡಕ್ಕೆ ಬಿದ್ದು, ಮೂರಕ್ಕೆ ಹೋದದ್ದು ಕೇಳಿಸಿತು. ಚೆನ್ನಾಗಿಯೇ ಹಾಕಿದಳು. ಹಾಕಲಿ ಎಂದೇ ಕಲಿಸಿದ್ದು. ಆದರೂ ತೊಳೆದಿಟ್ಟ ಪಾತ್ರೆಯನ್ನೇ ಮತ್ತೆ ತೊಳೆದಳು. ಮತ್ತೆ ಹಳೆಯ ದಿನಗಳೇ ಬಂದವು ಎಂದುಕೊಂಡಳು, ತನಗೆ ತಾನೇ ಸಿಟ್ಟು ಮಾಡಿಕೊಂಡಳು, ಮಧ್ಯಾಹ್ನದವರೆಗೆ ಕಪಾಟು ಒರೆಸಿದಳು.

ಎರಡು ಗಂಟೆಗೆ ಸೊಸೆ ಬಂದು ಕೀಲಿಯನ್ನು ಊಟದ ಮೇಜಿನ ಮೇಲಿಟ್ಟಳು. ಕೆಸರು ಮೆತ್ತಿದ ಅಂಗಿ, ಬಲಗೈಯನ್ನು ಎದೆಗೆ ಒತ್ತಿ ಹಿಡಿದಿದ್ದಳು. "ಅವಳಿ ಕರು ಅತ್ತೆ. ಒಂದರ ಕಾಲು ಇನ್ನೊಂದಕ್ಕೆ ಸಿಕ್ಕಿಹಾಕ್ಕೊಂಡಿತ್ತು. ಎರಡೂ ಬದುಕಿದ್ವು. ಹೆಗಲು ಹಿಡಿದುಬಿಟ್ಟಿದೆ, ಸ್ಟಿಯರಿಂಗ್ ತಿರುಗಿಸೋಕೆ ಕಣ್ಣೀರು ಬಂತು. ನಾಳೆ ನೀವು ಬರ್ತೀರಾ?"

"ಎಷ್ಟು ಗಂಟೆಗೆ?"

"ಆರೂವರೆ."

"ಆರಕ್ಕೇ ಹೊರಡೋಣ. ಲಾರಿಗಳು ಏಳಕ್ಕೆ ಶುರುವಾಗ್ತವೆ," ಎಂದು ವ್ಯಾನಮ್ಮ ಎಣ್ಣೆ ಬಿಸಿ ಮಾಡಲು ಎದ್ದಳು.

ಹೆಗಲು ಹತ್ತು ದಿನಕ್ಕೆ ಸರಿಹೋಯಿತು. ಹನ್ನೊಂದನೆಯ ದಿನವೂ ವ್ಯಾನಮ್ಮ ಆರಕ್ಕೆ ಸಿದ್ಧಳಾಗಿ ನಿಂತಿದ್ದಳು, ಸೊಸೆಯೂ ಸುಮ್ಮನೆ ಪಕ್ಕದ ಸೀಟಿಗೆ ಹೋಗಿ ಕೂತಳು. ಈಗ ಗುಡ್ಡ ಹತ್ತುವಾಗ ಸ್ಟಿಯರಿಂಗ್ ಅತ್ತೆಯದು, ಇಳಿಯುವಾಗ ಸೊಸೆಯದು. ಇಳಿಜಾರಿನಲ್ಲಿ ಗೇರು ತಗ್ಗಿಸುವ ವಿಷಯಕ್ಕೆ ಇಬ್ಬರಿಗೂ ಇವತ್ತಿಗೂ ಹೊಂದುವುದಿಲ್ಲ, ವಾರಕ್ಕೊಮ್ಮೆಯಾದರೂ ಗಟ್ಟಿಯಾಗಿ ಜಗಳವಾಗುತ್ತದೆ. ಮಗ ಕಳೆದ ಬೇಸಿಗೆ ರಜೆಯಲ್ಲಿ ತನಗೂ ಕಲಿಸಿ ಎಂದು ಕೇಳಿದ. ಮೂರು ದಿನ ಸಂತೆಯ ಅಂಗಳಕ್ಕೆ ಕರೆದುಕೊಂಡು ಹೋದರು. ಯಾವ ವೇಗಕ್ಕೆ ಯಾವ ಗೇರು ಎಂದು ಅವನು ಕಾಗದದ ಮೇಲೆ ಪಟ್ಟಿ ಮಾಡಿಕೊಂಡು ಬಂದಿದ್ದ, ಅದನ್ನು ನೋಡಿಕೊಂಡು ಓಡಿಸುತ್ತಿದ್ದ. ಮೂರನೆಯ ದಿನ ಒಂದು ಗೂಟ ಮುರಿಯಿತು. ಅವನು ಸೈಕಲ್ಲಿಗೆ ವಾಪಸಾದ.